ಸೈಲೆನ್ಸರ್ ಪುರಾಣ

ನನ್ನ ಭಾವಮೈದನಿಗೆ ಸಕಲೇಶಪುರದ ಹತ್ತಿರ ಸ್ವಲ್ಪ ಕಾಫಿ ತೋಟ ಇದೆ, ಬಿಎಸ್6 ಬಂದಮೇಲೆ ತಗೊಂಡ ಇಸುಜು ವಿ-ಕ್ರಾಸ್ ಪಿಕಪ್ ಇದೆ. ಈಗ ಸೈಲೆನ್ಸರ್ ಹುಚ್ಚೂ ಹಿಡಿದಿದೆ. "ಭಾವ, ಫುಲ್ ಸೆಟ್ ಹಾಕ್ಸಿದ್ರೆ 15 ಎಚ್‌ಪಿ ಜಾಸ್ತಿ ಆಗುತ್ತಂತೆ" ಅಂತ ಫೋನ್ ಮಾಡಿದ. ಈ 'ಅಂತೆ'ಯ ಮೇಲೇ ಬೆಂಗಳೂರಿನ ಅರ್ಧ ಆಕ್ಸೆಸರೀಸ್ ವ್ಯಾಪಾರ ನಿಂತಿದೆ ಅಂತ ನನ್ನ ಅನುಮಾನ.

ಅವನ ಜೊತೆ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಮೊಬೈಲಲ್ಲಿ ವಿಡಿಯೊ ತೋರಿಸಿದ್ರು: ಅಮೆರಿಕದ ಯಾವುದೋ ಪೆಟ್ರೋಲ್ ವಿ8 ಪಿಕಪ್, ಗುಡುಗಿನಂಥ ಸದ್ದು. ಹುಡುಗನ ಕಣ್ಣು ಅರಳಿತು. ನನ್ನ ಮೊದಲ ತಕರಾರು ಇಲ್ಲೇ. 1.9 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಆ ಥರ ಹಾಡೋದಿಲ್ಲ ಮಾರಾಯ. ಹೊಗೆಯ ದಾರಿಯಲ್ಲೇ ಟರ್ಬೊ ಕೂತಿದೆ, ಬಡಿತದ ಬಹುಪಾಲು ಅದೇ ನುಂಗುತ್ತೆ. ಉಳಿದದ್ದನ್ನು ಡಿಪಿಎಫ್ ನುಂಗುತ್ತೆ. ಹಿಂದಿನ ಮಫ್ಲರ್ ಕಿತ್ತರೆ ಸಿಗೋದು ಗುಡುಗಲ್ಲ, ಹೈವೇಲಿ ಕಿವಿಯೊಳಗೆ ಕೂರುವ ಗುಂಯ್ ಅನ್ನೋ ಶಬ್ದ.

ಶಕ್ತಿಯ ಕಥೆಯೂ ಅಷ್ಟೇ. ಕಂಪನಿ ಕೊಟ್ಟಿರೋದು 163 ಪಿಎಸ್. ಹೊಗೆಗೆ ಮುಖ್ಯ ಅಡ್ಡಿ ಟರ್ಬೊ ಮತ್ತು ಡಿಪಿಎಫ್. ಅವುಗಳ ಹಿಂದಿನ ಪೈಪು ಮಾತ್ರ ದಪ್ಪ ಮಾಡೋದು ಅಂದ್ರೆ ತೋಟದ ಗೇಟು ಚಿಕ್ಕದಾಗೇ ಬಿಟ್ಟು ಆಚೆಯ ರಸ್ತೆ ಅಗಲ ಮಾಡಿದ ಹಾಗೆ.

ಇದನ್ನ ಹೇಳಿದ ತಕ್ಷಣ ಅಂಗಡಿಯವರು, "ಹಾಗಾದ್ರೆ ಡಿಪಿಎಫ್ ತೆಗೆದುಬಿಡೋಣ ಸಾರ್" ಅಂದ್ರು. ಎಷ್ಟು ಸಲೀಸಾಗಿ! ಮಸಿ ಹಿಡಿದಿಟ್ಟು ಸುಮಾರು 600 ಡಿಗ್ರಿ ಶಾಖದಲ್ಲಿ ಸುಡೋ ಡಬ್ಬಿ ಅದು. ಕಿತ್ತರೆ ಇಂಜಿನ್ ಕಂಪ್ಯೂಟರ್ ಮುನಿಸಿಕೊಳ್ಳುತ್ತೆ, ಆಮೇಲೆ ಅದಕ್ಕೂ ಸುಳ್ಳು ಹೇಳಿಕೊಡಬೇಕು. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ಹೆಚ್ಚಾಗಿ, ನಮ್ಮ ಅತ್ತೆಗೆ ಉಬ್ಬಸ. ದಿನಾ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗೋದು ಅವರ ಕೋಣೆಯ ಕಿಟಕಿ ಕೆಳಗೆ. ಆ ಮಸಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ಹುಡುಗ ಮಾತಾಡಲಿಲ್ಲ.

ಡಿಪಿಎಫ್ ಪದೇ ಪದೇ ಕಟ್ಟಿಕೊಳ್ಳೋದು ನಿಜ, ಅವನ ದೂರು ಸುಳ್ಳಲ್ಲ. ತೋಟದಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದ್ರೆ ಮಸಿ ಸುಡೋದಕ್ಕೆ ಬಿಸಿಯೇ ಏರಲ್ಲ. ವಾರಕ್ಕೊಮ್ಮೆ ಹಾಸನದವರೆಗೆ ಒಂದೇ ಹದದಲ್ಲಿ ಓಡಿಸಿಕೊಂಡು ಬಾ ಅಂದೆ. ಖರ್ಚು ಡೀಸೆಲ್ಲಿನದು ಮಾತ್ರ.

ಮಲೆನಾಡಿನ ಮಳೆಗೆ ಪೈಪು ನಿಜವಾಗಿಯೂ ತುಕ್ಕು ಹಿಡಿದು ತೂತಾದ ದಿನ ಬದಲಿಸೋಣ. ಆವಾಗ ನೋಡಬೇಕಾದ್ದು ಸದ್ದಲ್ಲ, ಲೋಹ. 409 ಸ್ಟೀಲ್ ಅಗ್ಗ, ಆದ್ರೆ ಮೇಲೆ ತುಕ್ಕಿನ ಬಣ್ಣ ಬರುತ್ತೆ. 304ರಲ್ಲಿ ಕ್ರೋಮಿಯಂ, ನಿಕ್ಕಲ್ ಜಾಸ್ತಿ, ಬಾಳಿಕೆಯೂ ಜಾಸ್ತಿ, ಬೆಲೆಯೂ. ತಿರುವಿನಲ್ಲಿ ಪೈಪು ಚಪ್ಪಟೆಯಾಗಿದೆಯಾ ಅಂತ ಬೆರಳಾಡಿಸಿ ನೋಡಬೇಕು. ಲೋಡ್ ಹಾಕಿದಾಗ ಹಿಂದಿನ ಪಟ್ಟಿ ಕುಸಿದು ಆಕ್ಸಲ್ ಮೇಲೆ ಬರುತ್ತೆ, ಪೈಪಿಗೆ ತಾಗಬಾರದು. ಬಾಲ ಕೆಳಗೆ ಜೋತಾಡಿದ್ರೆ ತೋಟದ ಮೊದಲ ಹಳ್ಳದಲ್ಲೇ ಜಜ್ಜಿಹೋಗುತ್ತೆ. ಇದ್ಯಾವುದನ್ನೂ ಆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನಾವು ಕೇಳಿದ ಮೇಲೂ.

ನಿನ್ನೆ ಮತ್ತೆ ಫೋನು. "ಭಾವ, ತುದಿಗೆ ಬರೀ ಸ್ಟೀಲ್ ಟಿಪ್ ಹಾಕ್ಸಲಾ?"

ಹಾಕ್ಸಪ್ಪ, ಅಂದೆ.