ಉತ್ತರ ತಲುಪದ ವಿಳಾಸ

ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರಿಗೆ ಬೆಳಗಿನ ಮೊದಲ ಓದು ಅದರ ಲಾಗ್. ಒಳಗೆ ಬಂದ ಪತ್ರಗಳಿಗಿಂತ ಬಾಗಿಲಿಂದಲೇ ವಾಪಸಾದ ಪತ್ರಗಳ ಸಾಲುಗಳಲ್ಲಿ ನನಗೆ ಆಸಕ್ತಿ ಹೆಚ್ಚು. ಅದರಲ್ಲೂ ಒಂದು ಸಾಲನ್ನು ನಾನು ದಾಟಿ ಹೋಗುವುದಿಲ್ಲ: ‘450 4.1.8 ಸೆಂಡರ್ ಅಡ್ರೆಸ್ ರಿಜೆಕ್ಟೆಡ್: ಡೊಮೈನ್ ನಾಟ್ ಫೌಂಡ್’. ಕಳಿಸಿದವರ ವಿಳಾಸದಲ್ಲಿ @ ಚಿಹ್ನೆಯ ಬಲಗಡೆ ಇರುವ ಹೆಸರು ಇಂಟರ್ನೆಟ್ಟಿನಲ್ಲಿ ಎಲ್ಲೂ ಸಿಗಲಿಲ್ಲ, ಅದಕ್ಕೇ ಪತ್ರ ತೆಗೆದುಕೊಳ್ಳಲಿಲ್ಲ ಎಂದು ಅದು ಹೇಳುತ್ತದೆ.

ಇಮೇಲ್‌ಗೆ ಎರಡು ‘ಇಂದ’ ಇರುತ್ತವೆ. ಓದುವವರ ಕಣ್ಣಿಗೆ ಬೀಳುವುದು ಪತ್ರದೊಳಗಿನದು. ಸರ್ವರ್‌ಗಳು ನೋಡಿಕೊಳ್ಳುವುದು ಲಕೋಟೆಯ ಮೇಲಿನದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ ನಿಯಮದ ಪ್ರಕಾರ, ಕಳಿಸುವ ಸರ್ವರ್ ಮೊದಲು ತನ್ನ ಹೆಸರು ಹೇಳಿ, ಆಮೇಲೆ ‘ಮೇಲ್ ಫ್ರಂ’ ಎಂದು ಲಕೋಟೆಯ ವಿಳಾಸ ಒಪ್ಪಿಸಬೇಕು. ಆ ಹೊತ್ತಿಗೇ ಈಚೆಯ ಸರ್ವರ್ ಡೊಮೈನ್ ಹೆಸರುಗಳ ದಫ್ತರವಾದ ಡಿಎನ್‌ಎಸ್‌ನಲ್ಲಿ ವಿಚಾರಿಸುತ್ತದೆ: ಈ ಡೊಮೈನಿಗೆ ಪತ್ರ ಸ್ವೀಕರಿಸುವ ಎಂಎಕ್ಸ್ ದಾಖಲೆ ಇದೆಯೇ? ಅದಿಲ್ಲದಿದ್ದರೆ ಕನಿಷ್ಠ ಒಂದು ಐಪಿ ವಿಳಾಸವಾದರೂ ಇದೆಯೇ? ಎರಡೂ ಇಲ್ಲವೆಂದರೆ ಆ ವಿಳಾಸಕ್ಕೆ ಯಾರೂ ಉತ್ತರ ಬರೆಯುವಂತಿಲ್ಲ. ಉತ್ತರ ಕಳಿಸಲು ದಾರಿಯೇ ಇಲ್ಲದ ಪತ್ರವನ್ನು ನಾನೇಕೆ ತೆಗೆದುಕೊಳ್ಳಲಿ ಎಂಬುದೊಂದೇ ಈ ಪರೀಕ್ಷೆಯ ತರ್ಕ.

ಈ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳಬೇಕು. ಪತ್ರ ಒಳಗೆ ತೆಗೆದುಕೊಂಡ ಮೇಲೆ ತಲುಪಿಸಲಾಗಲಿಲ್ಲ ಅಂದುಕೊಳ್ಳಿ; ‘ಆಗಲಿಲ್ಲ’ ಎಂಬ ಸೂಚನೆ ಹೋಗಬೇಕಾದದ್ದು ಲಕೋಟೆಯ ವಿಳಾಸಕ್ಕೆ. ಆ ಡೊಮೈನೇ ಇಲ್ಲದಿದ್ದರೆ ಸೂಚನೆ ಎಲ್ಲಿಗೆ ಹೋದೀತು? ಹಾಗಾಗಿ ವಿಳಾಸ ತಪ್ಪಿದವನಿಗೆ ತಪ್ಪಿದೆ ಎಂದು ತಿಳಿಸಲು ಇರುವ ಅವಕಾಶ ಆ ಸಂಪರ್ಕ ತೆರೆದಿರುವ ಕೆಲವು ಕ್ಷಣ ಮಾತ್ರ. ಅದೂ ಅತ್ತ ಕಡೆ ಯಾರಾದರೂ ಲಾಗ್ ಓದುವವರಿದ್ದರೆ.

ಓದುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡೆ. ನನ್ನ ಸರ್ವರ್‌ನಲ್ಲಿ ಖಾತೆ ಇರುವ ನೆರೆಮನೆಯವರಿಗೆ ಒಂದು ಸಹಕಾರ ಸಂಘದಿಂದ ಬರಬೇಕಾದ ರಸೀದಿಗಳು ನಿಂತುಹೋಗಿದ್ದವು. ಲಾಗ್ ತೆಗೆದರೆ ಲಕೋಟೆಯ ಮೇಲೆ ‘ರೂಟ್@ಲೋಕಲ್‌ಹೋಸ್ಟ್.ಲೋಕಲ್‌ಡೊಮೈನ್’. ಹೊಸ ಲಿನಕ್ಸ್ ಯಂತ್ರ ಕೂರಿಸಿದವರು ಅದಕ್ಕೊಂದು ಹೆಸರು ಕೊಡುವುದನ್ನೇ ಬಿಟ್ಟಿದ್ದರು. ಸಂಘಕ್ಕೆ ಫೋನ್ ಮಾಡಿದಾಗ ಅಲ್ಲಿನ ಗುಮಾಸ್ತರು, “ನಮ್ ಕಡೆ ಎಲ್ಲಾ ‘ಸೆಂಟ್’ ಅಂತಾನೇ ತೋರಿಸ್ತಿದೆಯಲ್ಲ ಸಾರ್” ಅಂದರು. ಅವರ ಮಾತು ನಿಜವೇ. ಅವರ ತಂತ್ರಾಂಶ ಪತ್ರವನ್ನು ತನ್ನದೇ ಯಂತ್ರದ ಸರದಿಗೆ ಹಾಕಿ ಕೆಲಸ ಮುಗಿಯಿತು ಅಂದುಕೊಂಡಿತ್ತು. ಅಲ್ಲಿನ ಮೇಲ್ ತಂತ್ರಾಂಶ ಪೋಸ್ಟ್‌ಫಿಕ್ಸ್‌ನ ‘ಮೈಆರಿಜಿನ್’ ಎಂಬ ಒಂದೇ ಸಾಲು ತಿದ್ದಿದ ಮೇಲೆ ರಸೀದಿಗಳು ಬಂದವು. ಸರದಿಯಲ್ಲಿ ಕಾಯುತ್ತಿದ್ದ ಹಳೆಯವಕ್ಕೆ ಹಳೆಯ ವಿಳಾಸವೇ ಅಂಟಿಕೊಂಡಿದ್ದರಿಂದ ಅವನ್ನು ಹೊಸದಾಗಿಯೇ ಕಳಿಸಬೇಕಾಯಿತು.

‘ಇಲ್ಲ’ ಎಂಬ ಉತ್ತರಕ್ಕೆ ಎಷ್ಟು ಬೆಲೆ ಎಂಬುದು 2003ರಲ್ಲಿ ಎಲ್ಲ ಮೇಲ್ ನಿರ್ವಾಹಕರಿಗೂ ಗೊತ್ತಾಯಿತು. ಡಾಟ್ ಕಾಂ ಮತ್ತು ಡಾಟ್ ನೆಟ್ ಹೆಸರುಗಳ ದಫ್ತರ ನೋಡಿಕೊಳ್ಳುವ ವೆರಿಸೈನ್ ಕಂಪನಿ ಸೆಪ್ಟೆಂಬರ್ 15ರಂದು ‘ಸೈಟ್ ಫೈಂಡರ್’ ಶುರುಮಾಡಿತು. ಯಾರೂ ನೋಂದಾಯಿಸದ ಹೆಸರು ಕೇಳಿದರೂ ಡಿಎನ್‌ಎಸ್ ಕಂಪನಿಯದೇ ಒಂದು ಐಪಿ ವಿಳಾಸ ಕೊಡತೊಡಗಿತು. ತಪ್ಪು ಟೈಪ್ ಮಾಡಿದವರನ್ನು ತನ್ನ ಹುಡುಕು ಪುಟಕ್ಕೆ ಕರೆತರುವುದು ಅದರ ಲೆಕ್ಕಾಚಾರ. ಆದರೆ ಮೇಲ್ ಸರ್ವರ್‌ಗಳ ಪಾಲಿಗೆ ಆ ಎರಡು ಗುಂಪಿನಲ್ಲಿ ಇಲ್ಲದ ಡೊಮೈನ್ ಎಂಬುದೇ ಇಲ್ಲವಾಯಿತು. ಸ್ಪ್ಯಾಮ್ ಕಳಿಸುವವನು ಬಾಯಿಗೆ ಬಂದ ಹೆಸರಿಗೆ ಡಾಟ್ ಕಾಂ ಸೇರಿಸಿದರೂ ಪರೀಕ್ಷೆಯಲ್ಲಿ ಪಾಸು. ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶದ ಐಎಸ್‌ಸಿ ಸಂಸ್ಥೆ ಕೆಲವೇ ದಿನಗಳಲ್ಲಿ ಇದಕ್ಕೆ ಪರಿಹಾರದ ತೇಪೆ ಹೊರತಂದಿತು. ಕೊನೆಗೆ ಇಂಟರ್ನೆಟ್ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ ಪಟ್ಟು ಹಿಡಿದ ಮೇಲೆ ಅಕ್ಟೋಬರ್ 4ರಂದು ಸೇವೆ ನಿಂತಿತು. ಆ ಮೂರು ವಾರಗಳದು ಬರೀ ತಾಂತ್ರಿಕ ಕಿರಿಕಿರಿಯಲ್ಲ. ಎಲ್ಲರೂ ನಂಬಿ ನಡೆಯುವ ಒಂದು ದಫ್ತರ ಸುಳ್ಳು ಹೇಳಿದ ಮೂರು ವಾರ ಎಂದೇ ನಾನು ತಿಳಿಯುತ್ತೇನೆ.

ತಿರಸ್ಕರಿಸುವ ರೀತಿಯಲ್ಲೂ ಅಭಿರುಚಿಯ ಪ್ರಶ್ನೆ ಇದೆ. 4ರಿಂದ ಶುರುವಾಗುವ ಸಂಖ್ಯೆ ‘ಈಗ ಬೇಡ, ಆಮೇಲೆ ಬಾ’ ಅನ್ನುತ್ತದೆ; 5ರಿಂದ ಶುರುವಾಗುವುದು ‘ಇನ್ನು ಬರಬೇಡ’ ಅನ್ನುತ್ತದೆ. 1998ರ ಮೇಲ್ ತಂತ್ರಾಂಶ ಸೆಂಡ್‌ಮೇಲ್ 8.9 ಇಲ್ಲದ ಡೊಮೈನನ್ನು ನಿರಾಕರಿಸುವುದನ್ನೇ ರೂಢಿ ಮಾಡಿತು. ಡೊಮೈನ್ ಇಲ್ಲವೇ ಇಲ್ಲ ಎಂದು ಖಾತ್ರಿಯಾದರೆ ಅದು ಕೊಡುವುದು 5ರಿಂದ ಶುರುವಾಗುವ ಸಂಖ್ಯೆ. ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್‌ನಲ್ಲಿ ಈ ಪರೀಕ್ಷೆಯನ್ನು ನಾವೇ ಹಾಕಿಕೊಳ್ಳಬೇಕು, ಹಾಕಿದರೆ ಸಿಗುವುದು 450. ನನ್ನ ಮತ ವೆನೆಮಾ ಅವರಿಗೆ. ಡೊಮೈನ್ ನವೀಕರಿಸುವುದನ್ನು ಮರೆತ ಸಣ್ಣ ಅಂಗಡಿ, ನೇಮ್‌ಸರ್ವರ್ ಬದಲಾಯಿಸುತ್ತಿರುವ ಶಾಲೆ, ಇವರ ಹೆಸರು ಒಂದೆರಡು ದಿನ ಕಾಣೆಯಾಗಿ ಮರಳುವುದುಂಟು. ನಾಲ್ಕೈದು ದಿನವಾದರೂ ಮತ್ತೆಮತ್ತೆ ಪ್ರಯತ್ನಿಸಬೇಕೆಂದು ಎಸ್‌ಎಂಟಿಪಿ ನಿಯಮವೇ ಕಳಿಸುವವರಿಗೆ ಹೇಳುತ್ತದೆ. ಅಷ್ಟರೊಳಗೆ ಹೆಸರು ಮರಳಿದರೆ ಒಂದು ಪತ್ರವೂ ಕಳೆಯುವುದಿಲ್ಲ. ಕೆಲವು ನಿರ್ವಾಹಕರು ಈ 450 ಅನ್ನು 550ಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಲಾಗ್ ಚೊಕ್ಕವಾಗುತ್ತದೆ ನಿಜ, ಯಾರದೋ ಸಂಬಳದ ಚೀಟಿಯೂ ಹೋಗುತ್ತದೆ.

ಡೊಮೈನ್ ಇದ್ದ ಮಾತ್ರಕ್ಕೆ ಕಳಿಸಿದವನು ಪ್ರಾಮಾಣಿಕ ಎಂದಾಗುವುದಿಲ್ಲ. ಮೋಸಗಾರನೂ ಕೆಲವು ನೂರು ರೂಪಾಯಿ ಕೊಟ್ಟು ಒಂದನ್ನು ಕೊಂಡುಕೊಳ್ಳಬಲ್ಲ. ಬೇರೆಯವರ ಡೊಮೈನ್ ಹೆಸರಿನಲ್ಲಿ ಬರೆಯುವವರನ್ನು ತಡೆಯಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಬಂದವು. 2024ರ ಫೆಬ್ರುವರಿಯಿಂದ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಜಿಮೇಲ್ ಮತ್ತು ಯಾಹೂ ಮೂರನ್ನೂ ಕಡ್ಡಾಯ ಮಾಡಿದವು. ಅವುಗಳ ಮಾತು ಇನ್ನೊಂದು ವಾರಕ್ಕಿರಲಿ.

ಇವತ್ತು ಹೇಳಲೇಬೇಕಾದ್ದು ಕನ್ನಡದ ಡೊಮೈನ್ ವಿಷಯ. ಹೆಸರಿನ ಕೊನೆಗೆ ಬರುವ, ಕನ್ನಡ ಲಿಪಿಯದೇ ಆದ ‘.ಭಾರತ’ ಡಿಎನ್‌ಎಸ್‌ನ ಮೂಲದಲ್ಲೇ ದಾಖಲಾಗಿದೆ. @ ಎಡಗಡೆಯ ಹೆಸರೂ ಕನ್ನಡದಲ್ಲಿದ್ದರೆ ಅಂಥ ಪತ್ರವನ್ನು ಸಾಗಿಸುವ ನಿಯಮ 2012ರಲ್ಲೇ ಬಂದಿದೆ. ಜಿಮೇಲ್ 2014ರಲ್ಲಿ, ಪೋಸ್ಟ್‌ಫಿಕ್ಸ್ 2015ರಲ್ಲಿ ಅದಕ್ಕೆ ಬಾಗಿಲು ತೆರೆದವು. ಆದರೂ ಇಂಥ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು ಕೆಂಪಕ್ಷರದಲ್ಲಿ ‘ಇನ್‌ವ್ಯಾಲಿಡ್’ ಎಂದು ಹಿಂದಕ್ಕೆ ತಳ್ಳುತ್ತವೆ. ಅಲ್ಲಿ ಯಾರೂ ಡಿಎನ್‌ಎಸ್‌ನಲ್ಲಿ ವಿಚಾರಿಸಿರುವುದಿಲ್ಲ. ಅಕ್ಷರದ ರೂಪ ನೋಡಿಯೇ ತೀರ್ಪು ಕೊಟ್ಟಿರುತ್ತಾರೆ. ನಮ್ಮ ಕಚೇರಿ, ಬ್ಯಾಂಕು, ಕಾಲೇಜುಗಳಿಗೆ ನಮೂನೆ ಬರೆಯುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಎ ಇಂದ ಝಡ್‌ವರೆಗಿನ ಅಕ್ಷರಗಳನ್ನಷ್ಟೇ ಒಪ್ಪುವ ಆ ಹಳೆಯ ಸಾಲನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಒಂದು ಎಂಎಕ್ಸ್ ವಿಚಾರಣೆ ಬರೆಯಿರಿ.