ಜಗ್ಗನ್ನು ಬೋರಲು ಹಾಕಿ ನೋಡಿ

ಗುರುಪುರದ ಯಾವುದಾದರೂ ಮನೆಯ ಷೋಕೇಸಿನಲ್ಲಿ ಹಳೆಯ ಬಣ್ಣದ ಗಾಜಿನ ಜಗ್ ಕಂಡರೆ, ಬಣ್ಣಕ್ಕೆ ಮರುಳಾಗುವ ಮುಂಚೆ ಅದನ್ನು ಬೋರಲು ಹಾಕಿ ತಳದ ನಡುವೆ ಬೆರಳಾಡಿಸಿ. ಒರಟು ಕಲೆ ತಾಗಿದರೆ, ಕೊಳವೆಯಲ್ಲಿ ಊದಿ, ಕಬ್ಬಿಣದ ಸಲಾಕೆಗೆ ಅಂಟಿಸಿಕೊಂಡು ಬಾಯಿ ತಿದ್ದಿದ ಕೈಕೆಲಸ ಅದು. ಅಮೆರಿಕದ ಬ್ಲೆಂಕೊ ಕಾರ್ಖಾನೆಯವರು ಆ ಕಲೆಯನ್ನು ಉಜ್ಜದೆ ಹಾಗೇ ಬಿಡುತ್ತಿದ್ದರು; ಹೆಸರಿನ ಚೀಟಿ ತೊಳೆದುಹೋದರೂ ಗುರುತು ಉಳಿಯಿತು. ಮೈಯುದ್ದಕ್ಕೂ ತೆಳುಗೆರೆ ಎದ್ದಿದ್ದರೆ ಅಚ್ಚಿನದು.

ನನಗೆ ಹಿಡಿಯೇ ಹೆಚ್ಚು ಪ್ರೀತಿ. ಇಂಗ್ಲೆಂಡಿನ ಕುಶಲಿಗರು ಸುಮಾರು 1870ಕ್ಕೆ ಮುಂಚೆ ಬಿಸಿ ಗಾಜನ್ನು ಮೇಲೆ ಅಂಟಿಸಿ ಕೆಳಕ್ಕೆ ಎಳೆಯುತ್ತಿದ್ದರು, ಆಮೇಲೆ ಕೆಳಗಿನಿಂದ ಮೇಲಕ್ಕೆ. ಯಾವ ತುದಿ ದಪ್ಪ ಅಂತ ನೋಡಿದರೆ ಕಾಲ ತಿಳಿಯುತ್ತದೆ. ಎಳೆದು ಬಗ್ಗಿಸಲು ಅವರಿಗೆ ಸಿಗುತ್ತಿದ್ದದ್ದು ಕೆಲವೇ ಕ್ಷಣ. ಗಾಜು ಆರಿದರೆ ಮುಗಿಯಿತು. ಎಂಥ ಕೈಚಳಕ ಅದು!