ಚುನಾವಣೆಯ ಕರೆಗಳೂ ಔಚಿತ್ಯವಿಚಾರವೂ

ಚುನಾವಣೆಯ ಕಾಲದಲ್ಲಿ ಪದೇ ಪದೇ ಬರುವ ದೂರವಾಣಿಯ ಕರೆಗಳಿಂದಲೂ ಜಾಹೀರಾತುಗಳಿಂದಲೂ ಜನರು ಬೇಸರಗೊಳ್ಳುವುದು ಸರ್ವರಿಗೂ ವಿದಿತವಾದ ಸಂಗತಿ. ಈ ಬೇಸರವನ್ನು ರಾಜ್ಯಕಾರ್ಯದಲ್ಲಿ ಔದಾಸೀನ್ಯವೆಂದು ಎಣಿಸುವವರುಂಟು. ಆದರೆ ಲಾಕ್ಷಣಿಕರ ದೃಷ್ಟಿಯಿಂದ ವಿಚಾರಿಸಿದಲ್ಲಿ, ಇದು ವಾಕ್ಯದೋಷವನ್ನು ಗುರುತಿಸಿದ ಶ್ರೋತೃವಿನ ವಿಮರ್ಶೆಯೇ ಎಂದು ತೋರುವುದು.

2004ನೆಯ ಇಸವಿಯ ಲೋಕಸಭಾ ಚುನಾವಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಗ ಪ್ರಧಾನಮಂತ್ರಿಗಳಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರ ಧ್ವನಿಯನ್ನು ಮುದ್ರಿಸಿ, ಮತದಾರರಿಗೆ ದೂರವಾಣಿಯ ಮೂಲಕ ಕೇಳಿಸಲಾಯಿತು. ಅವರು ಪ್ರಸಿದ್ಧ ವಾಗ್ಮಿಗಳು. ಮಾತಿನ ನಡುವಣ ದೀರ್ಘಮೌನವೇ ಅವರ ಭಾಷಣಕ್ಕೆ ಜೀವವಾಗಿದ್ದಿತು. ಸಭೆಯಲ್ಲಿ ಅಂತಹ ಮೌನವು ಶ್ರೋತೃಗಳ ಮುಖಭಾವವನ್ನು ನೋಡಿ ಹುಟ್ಟುವುದು. ಮುದ್ರಿತಧ್ವನಿಯಲ್ಲಾದರೋ ಅದು ಯಾರಿಗಾಗಿಯೂ ಕಾಯದು. ಮಮ್ಮಟನ ಮತವನ್ನನುಸರಿಸಿ ಉಪದೇಶವು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರು ವಿಧ. ಈ ಕರೆಯು ಮಿತ್ರನಂತೆ ಮನೆಯನ್ನು ಪ್ರವೇಶಿಸುವುದು. ಆದರೆ ಮಿತ್ರನಿಗೆ ಕೊಡಬಹುದಾದ ಪ್ರತ್ಯುತ್ತರವನ್ನು ಇದಕ್ಕೆ ಕೊಡಲಾಗದು. ಸುಹೃತ್ತಿನ ವೇಷದಲ್ಲಿ ಪ್ರಭುವಾಕ್ಯವು ಬಂದುದೇ ಇಲ್ಲಿಯ ಅನೌಚಿತ್ಯ.

ಅದೇ ಕಾಲದ ‘ಇಂಡಿಯಾ ಶೈನಿಂಗ್’ ಎಂಬ ಘೋಷಣೆಯು ಬೇರೊಂದು ದೋಷಕ್ಕೆ ನಿದರ್ಶನ. ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಶಾಸ್ತ್ರಕಾರರು ಹೇಳಿರುವರು. ಬೆಂಕಿಯಿಂದ ಗಿಡವನ್ನು ನೆನೆಸುವನೆಂಬ ವಾಕ್ಯದಲ್ಲಿ ಯೋಗ್ಯತೆಯಿಲ್ಲ. ಹಿಂದಿನ ವರ್ಷಗಳಲ್ಲಿ ಒಂದರ ಮೇಲೊಂದು ಬರವನ್ನು ಅನುಭವಿಸಿದ್ದ ಕರ್ನಾಟಕದ ಒಕ್ಕಲಿಗನಿಗೆ ದೇಶವು ಪ್ರಕಾಶಿಸುತ್ತಿದೆಯೆಂಬ ನುಡಿಯೂ ಹಾಗೆಯೇ ಬಾಧಿತಾರ್ಥವಾಗಿ ಕೇಳಿಸಿರಬೇಕು. ಆ ಚುನಾವಣೆಯಲ್ಲಿ ಆಳುವ ಪಕ್ಷವು ಸೋತುದಕ್ಕೆ ಇದೊಂದೇ ಕಾರಣವೆನ್ನುವುದು ಸಾಹಸವಾದೀತು. ಆದರೆ ಪುನಃ ಪುನಃ ಉಚ್ಚರಿಸಿದ ಮಾತ್ರದಿಂದ ವಾಕ್ಯಕ್ಕೆ ಯೋಗ್ಯತೆಯು ಬಾರದೆಂಬುದು ನಿಶ್ಚಯ.

ಪುನರುಕ್ತಿಯು ಸರ್ವತ್ರ ದೋಷವಲ್ಲ, ಹರ್ಷಶೋಕಾದಿಗಳಲ್ಲಿ ಗುಣವೇ ಆಗುವುದು. ಅಲ್ಲದೆ ಅಭ್ಯರ್ಥಿಯು ಹೇಳದಿದ್ದರೆ ಮತದಾರನು ಅರಿಯುವುದೆಂತು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಆದರೆ ಹರ್ಷಶೋಕಗಳ ಪುನರುಕ್ತಿಯು ಭಾವದಿಂದ ಹುಟ್ಟುವುದು, ಇದು ಯಂತ್ರದಿಂದ; ಹೇಳುವ ಹಕ್ಕೂ ಕೇಳುವವನ ವಿವೇಕವನ್ನು ನೆಮ್ಮಿದುದು. ಮೊದಲನೆಯ ಪರಿಚ್ಛೇದವನ್ನು ದೋಷವಿಚಾರಕ್ಕೆ ಮೀಸಲಿಟ್ಟಿರುವ ಕವಿರಾಜಮಾರ್ಗವು ಕನ್ನಡ ಜನರನ್ನು ಹೊಗಳುವಾಗ, ಹದವರಿತು ನುಡಿಯುವ ಶಕ್ತಿಯೊಡನೆ ನುಡಿದುದನ್ನು ವಿಚಾರಿಸುವ ಶಕ್ತಿಯನ್ನೂ ಸೇರಿಸಿರುವುದು ಗಮನಾರ್ಹ.

ವಿಚಾರಕ್ಕೆ ವಿರಾಮವು ಬೇಕು. 1951ನೆಯ ಇಸವಿಯ ಪ್ರಜಾಪ್ರಾತಿನಿಧ್ಯ ಅಧಿನಿಯಮದ 126ನೆಯ ಪ್ರಕರಣವು ಮತದಾನ ಮುಗಿಯುವ ವೇಳೆಗೆ ಹಿಂದಿನ 48 ಗಂಟೆಗಳಲ್ಲಿ ಚುನಾವಣೆಯ ಬಹಿರಂಗ ಸಭೆಗಳನ್ನು ನಿಷೇಧಿಸಿರುವುದು ಈ ಅಂಶಕ್ಕೆ ಅನುಕೂಲವಾಗಿಯೇ ಇದೆ. ಕರೆಯನ್ನು ಅರ್ಧದಲ್ಲಿಯೇ ನಿಲ್ಲಿಸುವ ಗೃಹಸ್ಥನು ಪ್ರಜಾಧರ್ಮವನ್ನು ತೊರೆದವನಲ್ಲ. ತನ್ನ ತೀರ್ಮಾನಕ್ಕೆ ಬೇಕಾದ ಮೌನವನ್ನು ಕಾಪಾಡಿಕೊಳ್ಳುವವನು ಎಂದೇ ತಿಳಿಯತಕ್ಕುದು.